ಡಿಶ್‌ವಾಷರ್ ಎಲ್ಲಿ ನಿಂತಿತು? ಪಾರ್ಟ್ ತರಿಸುವ ಮೊದಲು ದೋಷ ಹುಡುಕುವ ಬಗೆ

ಡಿಶ್‌ವಾಷರ್ ಕೆಟ್ಟಾಗ ಎಲ್ಲರೂ ಮೊದಲು ಕೇಳುವುದು "ಯಾವ ಪಾರ್ಟ್ ಹೋಗಿದೆ?" ಅಂತ. ಅಲ್ಲಿಂದ ಶುರುಮಾಡಿದರೆ ದುಡ್ಡು ದಂಡ. ನೀರು ನಿಂತಿದೆ ಅಂತ ಪಂಪ್ ತರಿಸಿ ಹಾಕುತ್ತಾರೆ, ನೀರು ಅಲ್ಲೇ ಇರುತ್ತದೆ. ಹಾಗಾದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡೇ ಹೋಗಿರಬೇಕು ಅಂತ ಅದನ್ನೂ ತರಿಸುತ್ತಾರೆ. ಕೊನೆಗೆ ನೋಡಿದರೆ ಸಿಂಕಿನ ಕೆಳಗೆ ಡ್ರೈನ್ ಪೈಪ್ ಮಡಚಿಕೊಂಡಿರುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ. ಯಂತ್ರ ಯಾವ ಹಂತದವರೆಗೆ ಸರಿಯಾಗಿ ಹೋಯಿತು, ಎಲ್ಲಿ ಎಡವಿತು? ಒಳಗೆ ನಡೆಯುವ ಕೆಲಸಗಳು ಕೆಲವೇ ಕೆಲವು, ಒಂದಾದ ಮೇಲೊಂದು ನಡೆಯುತ್ತವೆ. ಎಡವಿದ ಹಂತ ಗೊತ್ತಾದರೆ ಅನುಮಾನ ಪಡಬೇಕಾದ ಭಾಗ ಎರಡೋ ಮೂರೋ ಉಳಿಯುತ್ತವೆ. ಅವನ್ನು ನೋಡಿ, ಅಳೆದು, ಆಮೇಲೆ ಪಾರ್ಟ್ ತರಿಸಿ.

ಮೊದಲು ಕಿವಿಗೊಡಿ

ಪಾತ್ರೆ ಇಲ್ಲದೆ ಒಂದು ಪ್ರೋಗ್ರಾಂ ಹಾಕಿ ಪಕ್ಕದಲ್ಲೇ ನಿಲ್ಲಿ. ಬಾಗಿಲು ಹಾಕಿದಾಗ ಲಾಚ್ 'ಟಕ್' ಅನ್ನಬೇಕು. ಹೆಚ್ಚಿನ ಯಂತ್ರಗಳು ಶುರುವಿನಲ್ಲೇ ಸ್ವಲ್ಪ ಹೊತ್ತು ಡ್ರೈನ್ ಪಂಪ್ ಓಡಿಸಿ ಹಳೆ ನೀರನ್ನು ಹೊರಹಾಕುತ್ತವೆ. ಅದು ಗುರ್ ಅನ್ನುವ ಸಣ್ಣ ಸದ್ದು. ಆಮೇಲೆ ನೀರು ಒಳಗೆ ಬರುವ ಸುಯ್ ಅನ್ನುವ ಸದ್ದು. ನೀರು ತುಂಬಿದ ಮೇಲೆ ದೊಡ್ಡ ಪಂಪ್ ಓಡುತ್ತದೆ, ಒಳಗೆ ತಿರುಗುವ ಸ್ಪ್ರೇ ಆರ್ಮ್‌ಗಳಿಂದ ನೀರು ಚಿಮ್ಮಿ ಗೋಡೆಗೆ ಬಡಿಯುವ ಸದ್ದು ಲಯವಾಗಿ ಕೇಳುತ್ತದೆ. ಜೊತೆಗೆ ಹೀಟರ್ ಕೆಲಸ ಮಾಡುತ್ತದೆ. ಅದಕ್ಕೆ ಸದ್ದಿಲ್ಲ. ಮಧ್ಯೆ ಎಲ್ಲೋ ಸೋಪಿನ ಮುಚ್ಚಳ ಪಟ್ ಅಂತ ತೆರೆದುಕೊಳ್ಳುತ್ತದೆ. ಮತ್ತೆ ಡ್ರೈನ್, ಮತ್ತೆ ನೀರು, ಬಿಸಿನೀರಿನ ಕೊನೆಯ ಜಾಲಾಟ, ಒಣಗಿಸುವಿಕೆ.

ಯಾವ ಸದ್ದು ಬರಲಿಲ್ಲವೋ ಅಥವಾ ಯಾವ ಸದ್ದು ನಿಲ್ಲಲೇ ಇಲ್ಲವೋ, ನಿಮ್ಮ ಹುಡುಕಾಟ ಅಲ್ಲಿಂದ ಶುರು. ಎಷ್ಟನೇ ನಿಮಿಷದಲ್ಲಿ ಏನಾಯಿತು ಅಂತ ಬರೆದಿಟ್ಟುಕೊಳ್ಳಿ. ಆ ಚೀಟಿ ಮುಂದೆ ಮಲ್ಟಿಮೀಟರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ಬಂದಿದ್ದರೆ ಅದನ್ನೂ ಬರೆಯಿರಿ. ಆದರೆ ಕೋಡನ್ನು ತೀರ್ಪು ಅಂದುಕೊಳ್ಳಬೇಡಿ. ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಪಾರ್ಟನ್ನಲ್ಲ. ಬಾಷ್ ಯಂತ್ರಗಳಲ್ಲಿ ಇ24 ಅಂದರೆ ನೀರು ಹೊರಹೋಗುತ್ತಿಲ್ಲ, ಇ25 ಅಂದರೆ ಡ್ರೈನ್ ಪಂಪಿಗೆ ಏನೋ ಅಡ್ಡ ಬಂದಿದೆ ಅಥವಾ ಅದರ ಮುಚ್ಚಳ ಸರಿಯಾಗಿ ಕೂತಿಲ್ಲ, ಇ15 ಅಂದರೆ ತಳದ ತಟ್ಟೆಯಲ್ಲಿ ನೀರು ಸೇರಿದೆ. ಎಲ್‌ಜಿಯಲ್ಲಿ ಒಇ ಬಂದರೆ ಡ್ರೈನ್ ಸಮಸ್ಯೆ, ಐಇ ಬಂದರೆ ನೀರು ಬರುತ್ತಿಲ್ಲ. ಇವುಗಳಲ್ಲಿ ಒಂದೂ "ಈ ಪಾರ್ಟ್ ಬದಲಿಸಿ" ಅಂತ ಹೇಳುವುದಿಲ್ಲ, ನೋಡಿ.

ಕೈ ಹಾಕುವ ಮೊದಲು

ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಪಕ್ಕಕ್ಕಿಡಿ. ಪ್ಲಗ್ ಇಲ್ಲದೆ ನೇರ ವೈರಿಂಗ್ ಮಾಡಿದ್ದರೆ ಬ್ರೇಕರ್ ಇಳಿಸಿ, ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ನೀರಿನ ನಲ್ಲಿ ಮುಚ್ಚಿ. ಬಿಸಿ ಪ್ರೋಗ್ರಾಂ ಓಡಿದ್ದರೆ ಆರುವವರೆಗೆ ಕಾಯಿರಿ. ಹೀಟರ್ ಇರುವ ಜಾಗ ಬೇಗ ತಣ್ಣಗಾಗುವುದಿಲ್ಲ.

ತಳದ ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತ. ದಪ್ಪ ಗ್ಲೌಸ್ ಹಾಕಿಕೊಳ್ಳಿ. ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಗಾಜಿನ ಚೂರು ಇರಬಹುದು. ಬರಿಗೈ ಹಾಕಬೇಡಿ, ಟಾರ್ಚ್ ಹಿಡಿದು ಇಕ್ಕಳದಲ್ಲಿ ತೆಗೆಯಿರಿ. ಈ ಬರಹದಲ್ಲಿ ಹೇಳಿದ ಅಳತೆಗಳೆಲ್ಲ ಕರೆಂಟ್ ಇಲ್ಲದಾಗ, ಕನೆಕ್ಟರ್ ಬಿಚ್ಚಿ ಮಾಡುವಂಥವು. ಕರೆಂಟ್ ಇರುವಾಗ ಬೋರ್ಡ್ ಮೇಲೆ ವೋಲ್ಟೇಜ್ ಅಳೆಯುವ ಕೆಲಸ ಅಭ್ಯಾಸ ಇದ್ದವರಿಗೆ ಬಿಡಿ.

ನೀರು ಹೊರಹೋಗುವುದಿಲ್ಲ

ಇದು ತೀರಾ ಸಾಮಾನ್ಯ ದೂರು. ಪಾರ್ಟ್ ಇಲ್ಲದೆಯೇ ಸರಿಹೋಗುವ ಸಾಧ್ಯತೆ ಜಾಸ್ತಿ ಇರುವುದೂ ಇದರಲ್ಲೇ.

ನಿಂತ ನೀರನ್ನು ಸ್ಪಂಜಿನಿಂದ ಪೂರ್ತಿ ತೆಗೆಯಿರಿ. ಫಿಲ್ಟರ್ ತಿರುಗಿಸಿ ಎತ್ತಿ. ಅದರ ಕೆಳಗೆ ಒಂದು ಗುಂಡಿ ಇರುತ್ತದೆ, ಅದಕ್ಕೆ ಸಂಪ್ ಅನ್ನುತ್ತಾರೆ. ಅದರ ಒಂದು ಬದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಇದನ್ನು ಚಮಚದ ಹಿಡಿಯಿಂದಲೇ ಮೀಟಿ ತೆಗೆಯಬಹುದು, ಕೆಲವದರಲ್ಲಿ ಒಂದು ಸ್ಕ್ರೂ ಇರುತ್ತದೆ. ಮುಚ್ಚಳದ ಹಿಂದೆ ಕಾಣುವ ಪುಟ್ಟ ರೆಕ್ಕೆ ಚಕ್ರವೇ ಡ್ರೈನ್ ಪಂಪಿನ ಇಂಪೆಲ್ಲರ್. ಗಾಜಿನ ಚೂರು, ಹಣ್ಣಿನ ಬೀಜ, ಬಾಟಲಿಯಿಂದ ಕಿತ್ತುಬಂದ ಲೇಬಲ್, ಹಲ್ಲುಕಡ್ಡಿ, ಇಂಥವು ಅಲ್ಲಿ ಸಿಕ್ಕಿಕೊಂಡಿರುತ್ತವೆ.

ಅಡ್ಡ ಸಿಕ್ಕಿದ್ದನ್ನು ತೆಗೆದ ಮೇಲೆ ರೆಕ್ಕೆಯನ್ನು ಕಡ್ಡಿಯಿಂದ ತಿರುಗಿಸಿ ನೋಡಿ. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಈ ಪಂಪಿನ ಒಳಗೆ ಶಾಶ್ವತ ಅಯಸ್ಕಾಂತ ಇದೆ. ಆದ್ದರಿಂದ ರೆಕ್ಕೆ ನುಣ್ಣಗೆ ತಿರುಗುವುದಿಲ್ಲ, ತಡೆದು ತಡೆದು, ಜಿಗಿದು ಜಿಗಿದು ತಿರುಗುತ್ತದೆ. ಅದು ಸರಿಯಾದ ಲಕ್ಷಣ. ರೆಕ್ಕೆಗೂ ಶಾಫ್ಟಿಗೂ ನಡುವೆ ಸ್ವಲ್ಪ ಸಡಿಲ ಇರುವುದೂ ಬೇಕಂತಲೇ ಮಾಡಿದ್ದು. ಮೋಟಾರ್ ಭಾರವಿಲ್ಲದೆ ಶುರುವಾಗಲಿ ಅಂತ. ಏನೂ ತಡೆ ಇಲ್ಲದೆ ಗಿರಗಿರ ಸುತ್ತಿದರೆ ಮಾತ್ರ ರೆಕ್ಕೆ ಶಾಫ್ಟಿನಿಂದ ಕಿತ್ತುಹೋಗಿದೆ ಅಂತ ಅರ್ಥ. ಎಷ್ಟು ಒತ್ತಿದರೂ ಅಲುಗಾಡದಿದ್ದರೆ ಬೇರಿಂಗ್ ಹಿಡಿದುಕೊಂಡಿದೆ. ಈ ಎರಡಕ್ಕೂ ಹೊಸ ಪಂಪೇ ಪರಿಹಾರ.

ಮುಚ್ಚಳವನ್ನು ವಾಪಸ್ ಹಾಕುವಾಗ ಕ್ಲಿಕ್ ಅನ್ನುವವರೆಗೆ ಒತ್ತಿ. ಅದು ಸರಿಯಾಗಿ ಕೂರದಿದ್ದರೆ ಪಂಪ್ ಚೆನ್ನಾಗಿ ಓಡಿದರೂ ನೀರನ್ನು ತಳ್ಳಲಾರದು, ಅದೇ ಕೋಡ್ ಮತ್ತೆ ಬರುತ್ತದೆ. ಸ್ವಚ್ಛ ಮಾಡಿದ ಮೇಲೂ ಇ25 ಹೋಗಲಿಲ್ಲ ಅನ್ನುವವರು ಮೊದಲು ಈ ಮುಚ್ಚಳ ನೋಡಿ.

ಪಂಪಿನ ಜಾಗ ಸ್ವಚ್ಛವಾಗಿದೆ, ಆದರೂ ನೀರು ನಿಂತಿದೆ. ಈಗ ಸದ್ದು ಕೇಳಿ. ಪಂಪ್ ಓಡುವ ಸದ್ದು ಇದ್ದರೆ ಅಡಚಣೆ ಪಂಪಿನಿಂದ ಆಚೆಗಿದೆ. ಡ್ರೈನ್ ಪೈಪ್ ಎಲ್ಲಾದರೂ ಮಡಚಿದೆಯಾ, ಸಿಂಕಿನ ಕೆಳಗೆ ಸೇರುವ ಕಡೆ ಜಿಡ್ಡು ಕಟ್ಟಿದೆಯಾ ನೋಡಿ. ಆ ಸೇರುವ ಜಾಗವೇ ದೊಡ್ಡ ಕಳ್ಳ. ಒಳಗಿನ ತೂತು ಬೆರಳಿಗಿಂತ ಸಣ್ಣದು, ಕೊಬ್ಬು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಪೈಪಿನ ತುದಿ ಬಿಚ್ಚಿ ಬಕೆಟಿಗೆ ಹಿಡಿದು ಡ್ರೈನ್ ಮಾಡಿಸಿ. ಬಕೆಟಿಗೆ ನೀರು ರಭಸವಾಗಿ ಬಂದರೆ ಯಂತ್ರ ಸರಿ ಇದೆ, ಸಿಂಕಿನ ಪೈಪ್ ಸ್ವಚ್ಛ ಮಾಡಿ. ಸಣ್ಣಗೆ ಬಂದರೆ ಪೈಪ್ ಅಥವಾ ಪಂಪ್ ಕಡೆಯೇ ತೊಂದರೆ.

ಸದ್ದೇ ಇಲ್ಲದಿದ್ದರೆ ಪಂಪಿನ ಎರಡು ಪಿನ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. 220–240 ವೋಲ್ಟಿನ ಸಾಮಾನ್ಯ ಡ್ರೈನ್ ಪಂಪಿನಲ್ಲಿ ಸುಮಾರು 100ರಿಂದ 200 ಓಮ್ ತೋರಿಸುತ್ತದೆ. ಮೀಟರ್ ಅನಂತ ತೋರಿಸಿದರೆ ಸುರುಳಿ ಕಡಿದಿದೆ, ಪಂಪ್ ಬದಲಿಸಿ. 120 ವೋಲ್ಟಿನ ಯಂತ್ರವಾದರೆ ಓಮ್ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಹೊಸ ಕೆಲವು ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ಸ್ ಸೇರಿಸಿದ ಬ್ರಶ್‌ಲೆಸ್ ಪಂಪ್ ಇರುತ್ತದೆ, ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಗೊಂದಲ ಇದೆ. ತೊಳೆದು ಮುಗಿದಾಗ ಒಳಗೆ ನೀರಿರಲಿಲ್ಲ, ಬೆಳಗ್ಗೆ ನೋಡಿದರೆ ನೀರಿದೆ. ಇದು ಡ್ರೈನ್ ಪಂಪಿನ ದೋಷ ಅಲ್ಲವೇ ಅಲ್ಲ. ನೀರು ಎಲ್ಲಿಂದಲೋ ವಾಪಸ್ ಬಂದಿದೆ. ರಾತ್ರಿ ನಲ್ಲಿ ಮುಚ್ಚಿ ಮಲಗಿ. ಆಗಲೂ ನೀರು ಸೇರಿದರೆ ಅದು ಸಿಂಕಿನಿಂದ ಬಂದದ್ದು. ಡ್ರೈನ್ ಪೈಪನ್ನು ಮೇಲಕ್ಕೆ ಕಮಾನಿನಂತೆ ಎತ್ತಿ ಕಟ್ಟಿ, ಹಿಂಬರುವ ನೀರು ತಡೆಯುವ ನಾನ್ ರಿಟರ್ನ್ ವಾಲ್ವ್ ಸರಿಯಾಗಿದೆಯಾ ನೋಡಿ. ನಲ್ಲಿ ಮುಚ್ಚಿದ ರಾತ್ರಿ ಒಣಗಿದ್ದು, ತೆರೆದ ರಾತ್ರಿ ನೀರು ಬಂದರೆ, ನೀರನ್ನು ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಸೋರುತ್ತಿದೆ. ಆ ವಾಲ್ವನ್ನು ಬದಲಿಸುವುದೇ ಒಳ್ಳೆಯದು, ಇಲ್ಲದಿದ್ದರೆ ಒಂದು ದಿನ ನೆಲವೆಲ್ಲ ಕೆರೆಯಾದೀತು. ಹಾಗಂತ ಸಂಪಿನ ತಳದಲ್ಲಿ ಸ್ವಲ್ಪ ತಿಳಿನೀರು ಇದ್ದರೆ ಗಾಬರಿ ಬೇಡ. ಅಷ್ಟು ನೀರು ಉಳಿಯುವುದು ಸಹಜ.

ತಳದ ತಟ್ಟೆಯಲ್ಲಿ ನೀರು

ಆನ್ ಮಾಡಿದ ಕೂಡಲೇ ಡ್ರೈನ್ ಪಂಪ್ ಓಡಲು ಶುರು, ನಿಲ್ಲುವುದೇ ಇಲ್ಲ, ಬೇರೇನೂ ನಡೆಯುವುದಿಲ್ಲ. ಈ ಲಕ್ಷಣ ಕಂಡರೆ ಬೋರ್ಡ್ ಮೇಲೆ ಗೂಬೆ ಕೂರಿಸಬೇಡಿ. ಯಂತ್ರದ ತಳದಲ್ಲಿ ಒಂದು ತಟ್ಟೆ, ಅದರಲ್ಲಿ ಥರ್ಮೋಕೋಲಿನ ಒಂದು ತೇಲುಬಿಲ್ಲೆ, ಅದರ ಮೇಲೆ ಒಂದು ಮೈಕ್ರೋ ಸ್ವಿಚ್ ಇರುತ್ತದೆ. ಎಲ್ಲಾದರೂ ಸೋರಿ ತಟ್ಟೆಗೆ ನೀರು ಇಳಿದರೆ ಬಿಲ್ಲೆ ತೇಲುತ್ತದೆ, ಸ್ವಿಚ್ ಒತ್ತುತ್ತದೆ. ಯಂತ್ರ ನೀರು ತೆಗೆದುಕೊಳ್ಳುವುದನ್ನು ನಿಲ್ಲಿಸಿ ಒಳಗಿನದ್ದನ್ನೆಲ್ಲ ಹೊರಹಾಕಲು ನೋಡುತ್ತದೆ. ಅಂದರೆ ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಯಂತ್ರವನ್ನು ಹಿಂದಕ್ಕೋ ಪಕ್ಕಕ್ಕೋ ಓರೆ ಮಾಡಿ ಆ ನೀರನ್ನು ಚೆಲ್ಲಿದರೆ ಮತ್ತೆ ಓಡುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ನಿಜ, ಓಡುತ್ತದೆ. ಆದರೆ ಸೋರುವ ಜಾಗ ಹಾಗೇ ಇರುತ್ತದಲ್ವಾ? ಕೆಲವು ದಿನದಲ್ಲಿ ಮತ್ತೆ ಅದೇ ಕಥೆ. ಓರೆ ಮಾಡುವುದು ಬರೀ ಮೊದಲ ಹೆಜ್ಜೆ.

ತಟ್ಟೆಯನ್ನು ಬಟ್ಟೆಯಿಂದ ಪೂರ್ತಿ ಒಣಗಿಸಿ. ಮುಂಭಾಗದ ತಳದ ಪಟ್ಟಿ ತೆಗೆದಿಡಿ. ಸಾಧ್ಯವಾದರೆ ಪಕ್ಕದ ತಗಡುಗಳನ್ನೂ ಬಿಚ್ಚಿ. ಪ್ರತಿ ಜೋಡಣೆಯ ಕೆಳಗೂ ಒಣ ಟಿಶ್ಯೂ ಪೇಪರ್ ಹರಡಿ. ಈಗ ಪ್ಲಗ್ ಹಾಕಿ ಪ್ರೋಗ್ರಾಂ ಓಡಿಸಿ. ಒಳಗೆ ಕೈ ಹಾಕದೆ ಟಾರ್ಚ್ ಬಿಟ್ಟು ನೋಡಿ. ಯಾವ ಪೇಪರ್ ಮೊದಲು ಒದ್ದೆಯಾಯಿತು ಅನ್ನುವುದರ ಜೊತೆಗೆ ಯಾವ ಹಂತದಲ್ಲಿ ಒದ್ದೆಯಾಯಿತು ಅನ್ನುವುದು ಮುಖ್ಯ. ನೀರು ಬರುವಾಗಲೇ ಸೋರಿದರೆ ಇನ್‌ಲೆಟ್ ವಾಲ್ವ್, ಅದರ ಪೈಪ್, ಪಕ್ಕದ ಗೋಡೆಯಲ್ಲಿರುವ ಪ್ಲಾಸ್ಟಿಕ್ ನೀರಿನ ಪೆಟ್ಟಿಗೆ, ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇವುಗಳ ಕಡೆ. ನೀರು ನಿಂತಾಗ ಸುಮ್ಮನಿದ್ದು ದೊಡ್ಡ ಪಂಪ್ ಓಡಿದ ಮೇಲೆ ಸೋರಿದರೆ ಪಂಪಿನ ಸೀಲ್, ಸ್ಪ್ರೇ ಆರ್ಮಿಗೆ ಹೋಗುವ ಪೈಪ್ ಅಥವಾ ಬಾಗಿಲು. ಡ್ರೈನ್ ಮಾಡುವಾಗ ಮಾತ್ರ ಸೋರಿದರೆ ಡ್ರೈನ್ ಪೈಪಿನ ಜೋಡಣೆ. ಇಷ್ಟರಲ್ಲೇ ನಿಮ್ಮ ಪಟ್ಟಿ ತೀರಾ ಚಿಕ್ಕದಾಯಿತು.

ಬಾಗಿಲಿನ ಕೆಳಗಿನ ಮೂಲೆಯಿಂದ ಸೋರಿದರೆ ರಬ್ಬರ್ ಗ್ಯಾಸ್ಕೆಟ್ ಬದಲಿಸಿ ಅನ್ನುತ್ತಾರೆ. ಅದಕ್ಕೂ ಮುಂಚೆ ಎರಡು ವಿಷಯ ನೋಡಿ. ಯಂತ್ರ ಸಮಮಟ್ಟದಲ್ಲಿ ನಿಂತಿದೆಯಾ? ಮುಂದಕ್ಕೆ ವಾಲಿದ್ದರೆ ಒಳ್ಳೆ ಗ್ಯಾಸ್ಕೆಟ್ ಕೂಡ ನೀರು ತಡೆಯದು. ಕೆಳಗಿನ ಸ್ಪ್ರೇ ಆರ್ಮ್ ಎಲ್ಲಾದರೂ ಸೀಳಿದೆಯಾ? ಎರಡು ಪ್ಲಾಸ್ಟಿಕ್ ಹೋಳುಗಳನ್ನು ಅಂಟಿಸಿ ಮಾಡಿದ ಆರ್ಮ್ ಅಂಚಿನಲ್ಲಿ ಬಿಟ್ಟುಕೊಂಡರೆ ನೀರು ನೇರ ಬಾಗಿಲಿನ ಸಂದಿಗೆ ಚಿಮ್ಮುತ್ತದೆ. ಹೊಸ ಆರ್ಮ್ ಹಾಕುವುದು ಕೈಯಲ್ಲೇ ಆಗುವ ಕೆಲಸ.

ನೊರೆಯೂ ಸೋರಿಕೆಯೇ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಒಳಗೆ ಹೋದರೆ ನೊರೆ ಉಕ್ಕಿ ತಟ್ಟೆಗೆ ಇಳಿಯುತ್ತದೆ. ಕೊನೆಯ ಜಾಲಾಟಕ್ಕೆ ಹಾಕುವ ರಿನ್ಸ್ ಏಡ್ ದ್ರವ ಚೆಲ್ಲಿದ್ದರೂ ಹಾಗೇ. ತಟ್ಟೆಯಲ್ಲಿ ನೊರೆ ಕಂಡರೆ ಪಾರ್ಟ್ ಹುಡುಕುವ ಮುಂಚೆ ಬರೀ ನೀರಿನಲ್ಲಿ ಪ್ರೋಗ್ರಾಂ ಓಡಿಸಿ ನೋಡಿ.

ನೀರು ಒಳಗೇ ಬರುವುದಿಲ್ಲ

ಇದು ಬೇಗ ಮುಗಿಯುವ ವಿಷಯ. ನಲ್ಲಿ ತೆರೆದಿದೆಯಾ, ಇನ್‌ಲೆಟ್ ಪೈಪ್ ಮಡಚಿದೆಯಾ, ಪೈಪಿನ ತುದಿಯ ಜಾಲರಿಯಲ್ಲಿ ಮರಳು ಕಟ್ಟಿದೆಯಾ ನೋಡಿ. ಪೈಪನ್ನು ಬಕೆಟಿಗೆ ತಿರುಗಿಸಿದರೆ ನೀರಿನ ರಭಸ ಗೊತ್ತಾಗುತ್ತದೆ. ಬಹಳ ಯಂತ್ರಗಳು ಕನಿಷ್ಠ 0.5 ಬಾರ್ ಒತ್ತಡ ಕೇಳುತ್ತವೆ. ಎತ್ತರದ ಟ್ಯಾಂಕಿನಿಂದ ನೀರು ಬರುವುದಾದರೆ ಅಷ್ಟಕ್ಕೆ ಸುಮಾರು 5 ಮೀಟರ್ ಎತ್ತರ ಬೇಕು. ಪೈಪಿನ ತುದಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ಸೋರಿಕೆ ತಡೆಯುವ ವಾಲ್ವ್. ಅದನ್ನು ಕತ್ತರಿಸಿ ಪೈಪ್ ಉದ್ದ ಮಾಡುವ ಸಾಹಸ ಬೇಡ. ಒಳಗೆ ವಿದ್ಯುತ್ ತಂತಿ ಇರಬಹುದು.

ನೀರಿದೆ, ಜಾಲರಿ ಸ್ವಚ್ಛ, ಆದರೂ ಬರುತ್ತಿಲ್ಲ ಅಂದರೆ ವಾಲ್ವಿನ ಕಾಯಿಲ್ ಅಳೆಯಿರಿ. 220–240 ವೋಲ್ಟಿನದ್ದು ಸಾಮಾನ್ಯವಾಗಿ 3ರಿಂದ 5 ಕಿಲೋ ಓಮ್. ಅನಂತ ಬಂದರೆ ವಾಲ್ವ್ ಬದಲಿಸಿ.

ನೀರು ಬಂದು ಬಂದು ಹೋಗುತ್ತಲೇ ಇದ್ದು, ತುಂಬುವ ಸದ್ದು ನಿಲ್ಲದಿದ್ದರೆ ಡ್ರೈನ್ ಪೈಪಿನ ತುದಿ ತೀರಾ ಕೆಳಗಿದೆಯಾ ನೋಡಿ. ತುಂಬಿದ ನೀರು ಸೈಫನ್ ಆಗಿ ತಾನಾಗಿಯೇ ಹರಿದುಹೋಗುತ್ತಿರಬಹುದು. ಹೊಸದಾಗಿ ಜಾಗ ಬದಲಿಸಿದ ಯಂತ್ರದಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ.

ನೀರು ಬಿಸಿಯಾಗುವುದಿಲ್ಲ

ಹೀಟರ್ ಸದ್ದು ಮಾಡುವುದಿಲ್ಲ, ಹಾಗಾಗಿ ಇದು ತಡವಾಗಿ ಗೊತ್ತಾಗುತ್ತದೆ. ಪಾತ್ರೆಗಳು ಜಿಡ್ಡಾಗಿಯೇ ಉಳಿಯುತ್ತವೆ, ಸೋಪಿನ ಟ್ಯಾಬ್ಲೆಟ್ ಅರ್ಧ ಕರಗಿರುತ್ತದೆ, ಕೊನೆಯಲ್ಲಿ ಪಾತ್ರೆ ಒಣಗಿರುವುದಿಲ್ಲ. ಪ್ರೋಗ್ರಾಂ ಒಂದೇ ಕಡೆ ಗಂಟೆಗಟ್ಟಲೆ ನಿಂತುಬಿಡುವುದೂ ಉಂಟು. ನೀರು ಬಿಸಿಯಾಗಲಿ ಅಂತ ಯಂತ್ರ ಕಾಯುತ್ತಿರುತ್ತದೆ.

ಪರೀಕ್ಷೆಗೆ ಇಕೋ ಪ್ರೋಗ್ರಾಂ ಬೇಡ, ಅದರಲ್ಲಿ ಬಿಸಿಯೇ ಕಡಿಮೆ. 65–70 ಡಿಗ್ರಿಯ ಪ್ರೋಗ್ರಾಂ ಹಾಕಿ. ಅರ್ಧ ಗಂಟೆ ಕಳೆದ ಮೇಲೆ ನಿಲ್ಲಿಸಿ, ಬಾಗಿಲನ್ನು ನಿಧಾನವಾಗಿ ಸ್ವಲ್ಪವೇ ತೆರೆಯಿರಿ. ಆವಿ ಮುಖಕ್ಕೆ ಬಡಿದರೆ ಹೀಟರ್ ಸರಿ ಇದೆ. ನೀರು ತಣ್ಣಗೇ ಇದ್ದರೆ ಮುಂದೆ ಓದಿ.

ಮೊದಲು ಹೀಟರ್ ಅಳೆಯಿರಿ. ಎಷ್ಟು ಓಮ್ ಇರಬೇಕು ಅನ್ನುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಹೀಟರಿನ ವ್ಯಾಟಿನಿಂದ ಭಾಗಿಸಿ. 230 ವೋಲ್ಟ್, 2000 ವ್ಯಾಟ್ ಆದರೆ ಸುಮಾರು 26 ಓಮ್. 1800 ವ್ಯಾಟ್ ಆದರೆ ಸುಮಾರು 29. 120 ವೋಲ್ಟಿನ 800 ವ್ಯಾಟಿನ ಹೀಟರ್ 18 ಓಮ್. ಇದರ ಆಸುಪಾಸು ಬಂದರೆ ಹೀಟರ್ ಬದುಕಿದೆ. ಅನಂತ ಬಂದರೆ ಸತ್ತಿದೆ, ಅಥವಾ ಅದರ ಜೊತೆಗಿರುವ ಉಷ್ಣ ರಕ್ಷಕ ಕಡಿದಿದೆ.

ಹೀಟರ್ ಸರಿ ಇದ್ದರೆ ಉಷ್ಣತೆ ಅಳೆಯುವ ಎನ್‌ಟಿಸಿ ಸೆನ್ಸರ್ ನೋಡಿ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವಂಥವು ಇವೆ, ಬೇರೆ ಮೌಲ್ಯದವೂ ಇವೆ. ಸಂಖ್ಯೆಗಿಂತ ಅದರ ನಡತೆ ನೋಡಿ. ಬಿಸಿನೀರಿನಲ್ಲಿ ಅದ್ದಿದಾಗ ಓಮ್ ಸರಾಗವಾಗಿ ಇಳಿಯಬೇಕು. ಅಲ್ಲೇ ನಿಂತರೆ ಅಥವಾ ಎಲ್ಲೆಲ್ಲೋ ಜಿಗಿದರೆ ಬದಲಿಸಿ. ಪುಟ್ಟ ಪಾರ್ಟ್, ಸುಲಭದ ಕೆಲಸ.

ಇವೆರಡೂ ಸರಿ, ಆದರೂ ಬಿಸಿ ಇಲ್ಲ. ಇಲ್ಲಿ ಹೆಚ್ಚಿನವರು ಒಂದು ವಿಷಯ ಮರೆಯುತ್ತಾರೆ. ಪಂಪಿನಲ್ಲಿ ನೀರು ಸಾಕಷ್ಟು ಹರಿಯದಿದ್ದರೆ ಯಂತ್ರ ಹೀಟರನ್ನು ಆನ್ ಮಾಡುವುದೇ ಇಲ್ಲ. ಹೀಟರ್ ಒಣಗಿ ಸುಟ್ಟುಹೋಗದಿರಲಿ ಅಂತ ಮಾಡಿದ ಏರ್ಪಾಡು ಅದು. ಹಾಗಾಗಿ ಫಿಲ್ಟರ್ ಕಟ್ಟಿಕೊಂಡಿದ್ದರೆ, ನೀರು ಕಡಿಮೆ ತುಂಬಿದ್ದರೆ, ಒಳಗೆ ಯಾವುದೋ ಬಟ್ಟಲು ಮೇಲ್ಮುಖವಾಗಿ ಕೂತು ನೀರು ಹಿಡಿದಿಟ್ಟುಕೊಂಡಿದ್ದರೆ ಕೂಡ ನೀರು ತಣ್ಣಗೇ ಇರುತ್ತದೆ. ನೀರಿನ ಮಟ್ಟ ತಿಳಿಸುವ ಒತ್ತಡದ ಸ್ವಿಚ್ಚಿಗೆ ಹೋಗುವ ಸಣ್ಣ ನಾಳದಲ್ಲಿ ಜಿಡ್ಡು ಕಟ್ಟಿದರೂ ಅಷ್ಟೇ.

ಕೊನೆಯ ಅನುಮಾನ ಬೋರ್ಡ್ ಮೇಲಿನ ಹೀಟರ್ ರಿಲೇ, ಅಂದರೆ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್. ಜಾಸ್ತಿ ಕರೆಂಟ್ ಹರಿಯುವುದರಿಂದ ಅದರ ಬೆಸುಗೆ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಬೋರ್ಡ್ ಬಿಚ್ಚಿ ಹಿಂಬದಿ ನೋಡಿ. ರಿಲೇ ಕಾಲುಗಳ ಸುತ್ತ ಕಂದು ಕಲೆ ಅಥವಾ ಉಂಗುರದಂಥ ಬಿರುಕು ಇದ್ದರೆ ಸಿಕ್ಕಿತು ಅಂತ ತಿಳಿಯಿರಿ. ಸೋಲ್ಡರಿಂಗ್ ಬಲ್ಲವರು ಮತ್ತೆ ಬೆಸೆಯಬಹುದು. ಗೊತ್ತಿಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರಿಗೆ ಬೋರ್ಡ್ ಮಾತ್ರ ಕೊಡಿ, ಪೂರ್ತಿ ಯಂತ್ರ ಹೊತ್ತುಕೊಂಡು ಹೋಗಬೇಕಾಗಿಲ್ಲ.

ಕರೆಂಟ್ ಅರ್ತ್‌ಗೆ ಸೋರಿದಾಗ ತಾನಾಗಿ ಬೀಳುವ ಆರ್‌ಸಿಸಿಬಿ ಸ್ವಿಚ್ ಬೀಳುತ್ತಿದ್ದರೂ ಹಂತವೇ ಉತ್ತರ ಕೊಡುತ್ತದೆ. ಪ್ಲಗ್ ಹಾಕಿದ ಕೂಡಲೇ ಬಿದ್ದರೆ ಮೇನ್ಸ್ ತಂತಿ ಅಥವಾ ಅಲ್ಲಿರುವ ಸಪ್ಲೈ ಫಿಲ್ಟರ್. ನೀರು ತುಂಬುವಾಗ ಬಿದ್ದರೆ ವಾಲ್ವಿನ ಕಡೆ ಕರೆಂಟ್ ಸೋರುತ್ತಿದೆ. ಚೆನ್ನಾಗಿ ಓಡಿ ಕೆಲವು ನಿಮಿಷದ ಮೇಲೆ, ನೀರು ಬಿಸಿಯಾಗುವ ಹೊತ್ತಿಗೆ ಬಿದ್ದರೆ ಹೀಟರ್ ಒಳಗಿಂದ ಕರೆಂಟ್ ಅರ್ತ್‌ಗೆ ಸೋರುತ್ತಿದೆ. ಇಂಥ ಹೀಟರ್ 26 ಓಮ್ ಸರಿಯಾಗಿಯೇ ತೋರಿಸಬಹುದು! ಹಾಗಾಗಿ ಪಿನ್ನಿಗೂ ಹೊರಗಿನ ಲೋಹಕ್ಕೂ ನಡುವೆ ಅಳೆಯಿರಿ. ಮೀಟರ್ ಏನಾದರೂ ಓಮ್ ತೋರಿಸಿದರೆ ಹೀಟರ್ ಕೆಟ್ಟಿದೆ. ಏನೂ ತೋರಿಸದಿದ್ದರೆ ಒಳ್ಳೆಯದಿದೆ ಅಂತ ಖಚಿತವಾಗುವುದಿಲ್ಲ, ಏಕೆಂದರೆ ಸಾಮಾನ್ಯ ಮೀಟರಿನ ವೋಲ್ಟೇಜ್ ತೀರಾ ಕಡಿಮೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇರುವವರಿಂದ ಅಳೆಸಿ. ಯಾವ ಕಾರಣಕ್ಕೂ ಅರ್ತ್ ತಂತಿ ಬಿಚ್ಚಿ ಓಡಿಸಿ ನೋಡಬೇಡಿ.

ಹೊಸ ಯಂತ್ರಗಳಲ್ಲಿ ಹೀಟರ್ ದೊಡ್ಡ ಪಂಪಿನ ಒಳಗೇ ಸೇರಿಕೊಂಡಿರುತ್ತದೆ. ಆಗ ಎರಡನ್ನೂ ಒಟ್ಟಿಗೇ ಬದಲಿಸಬೇಕಾಗಬಹುದು. ಖರ್ಚು ಜಾಸ್ತಿ, ಆದ್ದರಿಂದ ಅಳತೆಯಲ್ಲಿ ಅನುಮಾನಕ್ಕೆ ಜಾಗ ಇಟ್ಟುಕೊಂಡು ತರಿಸಬೇಡಿ.

ಎಲ್ಲ ನಡೆಯುತ್ತದೆ, ಪಾತ್ರೆ ಮಾತ್ರ ತೊಳೆದಿಲ್ಲ

ಬಾಗಿಲು ಹಾಕುವಾಗ ಸ್ಪ್ರೇ ಆರ್ಮ್‌ಗಳನ್ನು ನಿಮಗೆ ನೇರವಾಗಿ ನಿಲ್ಲಿಸಿ. ಸ್ವಲ್ಪ ಹೊತ್ತಿನ ಮೇಲೆ ತೆರೆದು ನೋಡಿ. ಎರಡೂ ಜಾಗ ಬದಲಿಸಿದ್ದರೆ ತಿರುಗುತ್ತಿವೆ. ಒಂದು ಅಲ್ಲೇ ಇದ್ದರೆ ಇನ್ನೊಂದು ಸಲ ಓಡಿಸಿ ಖಚಿತ ಮಾಡಿಕೊಳ್ಳಿ. ಆರ್ಮ್ ಬಿಚ್ಚಿ ತೂತುಗಳನ್ನು ಸಣ್ಣ ತಂತಿಯಿಂದ ಬಿಡಿಸಿ, ಅಲುಗಾಡಿಸಿದರೆ ಒಳಗೆ ಕಸದ ಸದ್ದು ಬರುತ್ತದಾ ಕೇಳಿ. ಸುಣ್ಣ ಕಟ್ಟಿದ್ದರೆ ಸಿಟ್ರಿಕ್ ಆಸಿಡ್ ಕರಗಿಸಿದ ಬಿಸಿನೀರಿನಲ್ಲಿ ನೆನೆಹಾಕಿ. ಮೇಲಿನ ಆರ್ಮ್ ಒಂದಕ್ಕೇ ನೀರು ಬರದಿದ್ದರೆ ಹಿಂದಿನ ಪೈಪಿಗೂ ರ‍್ಯಾಕಿಗೂ ಸೇರುವ ಜಾಗ ನೋಡಿ, ಆಮೇಲೆ ಮೇಲೆ ಕೆಳಗೆ ನೀರು ಹಂಚುವ ಡೈವರ್ಟರ್ ವಾಲ್ವ್ ನೋಡಿ.

ದೊಡ್ಡ ಪಂಪ್ ಗುಂಯ್ ಅನ್ನುತ್ತದೆ, ನೀರಿನ ಸದ್ದಿಲ್ಲ ಅಂದರೆ ಅದು ಹಿಡಿದುಕೊಂಡಿದೆ. ತಿಂಗಳುಗಟ್ಟಲೆ ಓಡಿಸದ ಯಂತ್ರದಲ್ಲಿ ಸೀಲ್ ಅಂಟಿಕೊಂಡಿರಬಹುದು, ರೆಕ್ಕೆಯನ್ನು ಕೈಯಲ್ಲಿ ಬಿಡಿಸಿದರೆ ಸರಿಹೋಗುತ್ತದೆ. ಹಳೆ ಯಂತ್ರಗಳಲ್ಲಿ ಪಂಪ್ ಶುರುವಾಗಲು ನೆರವಾಗುವ ಕೆಪಾಸಿಟರ್ ಇರುತ್ತದೆ. ಅದು ಸೊರಗಿದರೂ ಇದೇ ಗುಂಯ್. ಪಂಪ್ ಬದಲಿಸುವ ಮೊದಲು ಕೆಪಾಸಿಟರ್ ಅಳೆಸಿ, ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಬರುತ್ತದಾ ನೋಡಿ. ಮುಟ್ಟುವ ಮೊದಲು ಅದರಲ್ಲಿರುವ ಚಾರ್ಜ್ ಇಳಿಸಬೇಕು. ಮೂರು ಪಿನ್ನಿನ ಬ್ರಶ್‌ಲೆಸ್ ಪಂಪ್ ಆದರೆ ಯಾವ ಎರಡು ಪಿನ್ ಅಳೆದರೂ ಒಂದೇ ಓಮ್ ಬರಬೇಕು.

ಗಾಜಿನ ಮೇಲೆ ಬಿಳಿ ಪೊರೆ ಬಂದರೆ ವಿನೆಗರ್ ಹಚ್ಚಿ ಉಜ್ಜಿ. ಹೋದರೆ ಅದು ಸುಣ್ಣ. ಉಪ್ಪು ತುಂಬಿ, ಸಾಫ್ಟ್‌ನರಿನ ಮುಚ್ಚಳ ಬಿಗಿ ಮಾಡಿ, ನೀರಿನ ಗಡಸುತನದ ಸೆಟ್ಟಿಂಗ್ ಸರಿಮಾಡಿ. ಹೋಗದಿದ್ದರೆ ಗಾಜೇ ಸವೆದಿದೆ, ಯಂತ್ರದ ಯಾವ ಪಾರ್ಟ್ ಬದಲಿಸಿದರೂ ಅದು ಹೋಗದು. ಟ್ಯಾಬ್ಲೆಟ್ ಡಬ್ಬಿಯಲ್ಲೇ ಉಳಿದಿದ್ದರೆ ಎತ್ತರದ ತಟ್ಟೆ ಮುಚ್ಚಳಕ್ಕೆ ಅಡ್ಡ ಬಂದಿದೆಯಾ ನೋಡಿ. ಇಲ್ಲದಿದ್ದರೆ ಆ ಡಬ್ಬಿಯನ್ನೇ (ಡಿಸ್ಪೆನ್ಸರ್) ಪೂರ್ತಿ ಬದಲಿಸುವುದು, ರಿಪೇರಿ ಮಾಡುವುದಕ್ಕಿಂತ ವಾಸಿ.

ಯಂತ್ರ ಮಾತೇ ಆಡುವುದಿಲ್ಲ

ಅದೇ ಸಾಕೆಟ್ಟಿಗೆ ಬೇರೆ ಉಪಕರಣ ಹಾಕಿ ನೋಡಿ. ಚೈಲ್ಡ್ ಲಾಕ್, ತಡವಾಗಿ ಶುರುವಾಗುವ ಸೆಟ್ಟಿಂಗ್ ಆನ್ ಆಗಿದೆಯಾ ನೋಡಿ. ದೀಪ ಬರುತ್ತದೆ, ಸ್ಟಾರ್ಟ್ ಆಗುವುದಿಲ್ಲ ಅಂದರೆ ಲಾಚಿನ ಮೈಕ್ರೋ ಸ್ವಿಚ್ಚನ್ನು ಮೀಟರಿನ ಕಂಟಿನ್ಯುಯಿಟಿಯಲ್ಲಿ (ದಾರಿ ಕೂಡಿದೆಯಾ ಅಂತ ತೋರಿಸುವ ಸೆಟ್ಟಿಂಗ್) ಅಳೆಯಿರಿ. ಬಾಗಿಲನ್ನು ಒಂದು ಕೋನದಲ್ಲಿ ಹಿಡಿದಾಗ ದೀಪ ಬರುತ್ತದೆ, ಬಿಟ್ಟರೆ ಹೋಗುತ್ತದೆ ಅಂದರೆ ಕೀಲಿನ ಹತ್ತಿರ ತಂತಿ ಕಡಿದಿದೆ. ಸಾವಿರಾರು ಸಲ ಬಗ್ಗಿದ ತಂತಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ತಂತಿಯನ್ನೂ ಬಾಗಿಲು ಅಲುಗಾಡಿಸುತ್ತಾ ಅಳೆಯಿರಿ. ಬಾಗಿಲು ದಡ್ ಅಂತ ಬೀಳುತ್ತಿದ್ದರೆ ಸ್ಪ್ರಿಂಗಿನ ಹಗ್ಗ ತುಂಡಾಗಿದೆ. ಎರಡೂ ಬದಿಯದ್ದನ್ನು ಒಟ್ಟಿಗೇ ಬದಲಿಸಿ.

ಪಾರ್ಟ್ ತರಿಸುವಾಗ

ಬಾಗಿಲಿನ ಅಂಚಿನಲ್ಲಿ ಅಥವಾ ಒಳಗಿನ ಚೌಕಟ್ಟಿನ ಮೇಲೆ ಪಟ್ಟಿ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಮಾಡೆಲ್ ಸಂಖ್ಯೆಯನ್ನು ಗೆರೆಯ ನಂತರದ ಅಂಕಿಗಳ ಸಮೇತ ಪೂರ್ತಿ ಬರೆಯಿರಿ. ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ಪಂಪ್ ಹಾಕಿರುವುದು ಮಾಮೂಲು. ಬಿಚ್ಚಿದ ಪಾರ್ಟಿನ ಮೇಲಿನ ಸಂಖ್ಯೆ, ವೋಲ್ಟ್, ಹರ್ಟ್ಸ್, ಕನೆಕ್ಟರಿನ ಆಕಾರ ಎಲ್ಲವೂ ಹೊಂದಬೇಕು. 220–240 ವೋಲ್ಟಿನ ಜಾಗಕ್ಕೆ 120 ವೋಲ್ಟಿನ ಪಂಪ್ ಹಾಕಿದರೆ ಹೊಗೆ ಬರುತ್ತದೆ.

ಎಲ್ಲಕ್ಕೂ ಕಂಪನಿಯ ಮೂಲ ಪಾರ್ಟೇ ಬೇಕು ಅಂತಿಲ್ಲ. ಡ್ರೈನ್ ಪಂಪುಗಳನ್ನು ಅಸ್ಕೋಲ್‌ನಂಥ ಪಂಪ್ ತಯಾರಕರೇ ಬೇರೆ ಬೇರೆ ಬ್ರ್ಯಾಂಡುಗಳಿಗೆ ಮಾಡಿಕೊಡುತ್ತಾರೆ. ಹಾಗಾಗಿ ಸಂಖ್ಯೆ ಹೊಂದಿದರೆ ಪೆಟ್ಟಿಗೆಯ ಮೇಲೆ ಯಾವ ಹೆಸರಿದ್ದರೂ ನಡೆಯುತ್ತದೆ. ರ‍್ಯಾಕಿನ ಚಕ್ರ, ಬುಟ್ಟಿಗೆ ಯಾವುದಾದರೂ ಸರಿ. ಬಾಗಿಲಿನ ಗ್ಯಾಸ್ಕೆಟ್, ಸಂಪಿನ ಸೀಲ್ ಮಾತ್ರ ಮೂಲವೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಅಲ್ಲಿ ಸೋರಿಕೆಯಾಗುತ್ತದೆ. ಹಳೆ ಯಂತ್ರದಿಂದ ತೆಗೆದ ಬೋರ್ಡ್ ಕೊಳ್ಳುವಾಗ ಹುಷಾರು. ಮಾಡೆಲಿಗೆ ತಕ್ಕ ಪ್ರೋಗ್ರಾಂ ಅದರಲ್ಲಿ ಇರದಿದ್ದರೆ ಪ್ಲಗ್ ಹೊಂದಿದರೂ ಕೆಲಸ ಮಾಡದು. ಒಳಗಿನ ಸ್ಟೀಲ್ ತೊಟ್ಟಿಗೇ ತುಕ್ಕು ಹಿಡಿದು ತೂತಾಗಿದ್ದರೆ ಯಾವ ಪಾರ್ಟಿಗೂ ದುಡ್ಡು ಹಾಕಬೇಡಿ.

ಜೋಡಿಸುವಾಗ

ಪ್ರತಿ ಕನೆಕ್ಟರ್ ಬಿಚ್ಚುವ ಮೊದಲು ಫೋಟೋ. ಯಂತ್ರವನ್ನು ಮಲಗಿಸಬೇಕಾದರೆ ಟವೆಲ್ ಹಾಸಿ, ಸಾಫ್ಟ್‌ನರ್ ಒಳಗಿನ ನೀರು ಚೆಲ್ಲಿಯೇ ಚೆಲ್ಲುತ್ತದೆ. ಬಹಳಷ್ಟು ಡ್ರೈನ್ ಪಂಪುಗಳಿಗೆ ಸ್ಕ್ರೂ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ನಾಲಿಗೆ ಒತ್ತಿ ಪಂಪನ್ನೇ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ನಾಲಿಗೆ ಮುರಿಯುವಷ್ಟು ಬಲ ಹಾಕಬೇಡಿ.

ಹಳೆ ರಬ್ಬರ್ ರಿಂಗನ್ನು ಹೊಸ ಪಂಪಿಗೆ ಹಾಕಬೇಡಿ. ಹೊಸ ರಿಂಗಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಸಿಲಿಕಾನ್ ಗ್ರೀಸ್ ಸವರಿದರೆ ಜಾರಿ ಕೂರುತ್ತದೆ. ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಬೇಡವೇ ಬೇಡ, ಇಂಥ ರಿಂಗುಗಳ ಇಪಿಡಿಎಂ ಅನ್ನುವ ರಬ್ಬರ್ ಅದರಿಂದ ಉಬ್ಬಿಕೊಳ್ಳುತ್ತದೆ. ಕತ್ತರಿಸಿ ತೆಗೆದ ಕ್ಲಿಪ್ಪಿನ ಜಾಗಕ್ಕೆ ಸ್ಕ್ರೂ ಕ್ಲಿಪ್ ಹಾಕಿ. ತೇಲುಬಿಲ್ಲೆ ತನ್ನ ಜಾಗದಲ್ಲಿ ಕೂತಿದೆಯಾ, ಅರ್ತ್ ತಂತಿಗಳೆಲ್ಲ ವಾಪಸ್ ಬಂದಿವೆಯಾ ನೋಡಿ.

ತಳದ ಪಟ್ಟಿಯನ್ನು ಆಗಲೇ ಮುಚ್ಚಬೇಡಿ. ಒಂದು ಚೊಂಬು ನೀರನ್ನು ಒಳಗೆ ಸುರಿದು ಜೋಡಣೆ ಒಣಗಿದೆಯಾ ನೋಡಿ. ಆಮೇಲೆ ಕರೆಂಟ್ ಕೊಟ್ಟು ಬರೀ ಜಾಲಾಡುವ ಪ್ರೋಗ್ರಾಂ, ನಂತರ ಬಿಸಿನೀರಿನ ಪೂರ್ತಿ ಪ್ರೋಗ್ರಾಂ ಓಡಿಸಿ. ತಣ್ಣೀರಿನಲ್ಲಿ ಗಟ್ಟಿಯಾಗಿದ್ದ ಸೀಲ್ ಬಿಸಿಯಲ್ಲಿ ಸೋರಬಹುದು. ಮೊದಲು ಬರೆದಿಟ್ಟ ಚೀಟಿ ಹಿಡಿದು, ಯಂತ್ರ ಎಡವಿದ್ದ ಹಂತವನ್ನು ದಾಟುತ್ತದಾ ಅಂತ ನೋಡಿ. ಕೆಲವು ದಿನ ತೊಳೆದ ಮೇಲೂ ತಟ್ಟೆಯಲ್ಲಿಟ್ಟ ಟಿಶ್ಯೂ ಒಣಗಿಯೇ ಇದ್ದರೆ ಪಟ್ಟಿ ಹಾಕಿ ಸ್ಕ್ರೂ ಬಿಗಿ ಮಾಡಿ.